ಲಟ್ಟಣಿಗೆ ಕಚ್ಚುವ ಕುತುಬುದ್ದೀನ್

ಮಧುಗಿರಿ ಬೆಟ್ಟದ ನೆತ್ತಿಗಷ್ಟೇ ಬೆಳಕು ಬಿದ್ದಿದೆ. ಬುಡದ ಊರು ಇನ್ನೂ ನೀಲಿ ಮಂಜಿನೊಳಗೆ ಮಲಗಿದೆ. ಶಿರಾ ರಸ್ತೆಯ ಹುಣಸೆಮರದಡಿ ಒಂದು ಲಾರಿ ಗುರುಗುಟ್ಟುತ್ತ ನಿಂತಿದೆ. ಅದರ ಬಾನೆಟ್ಟಿನೊಳಗೆ ಅರ್ಧ ಮುಳುಗಿದವರೊಬ್ಬರು ಹಲ್ಲಿನಲ್ಲಿ ಲಟ್ಟಣಿಗೆ ಕಚ್ಚಿಕೊಂಡು ಕಣ್ಣು ಮುಚ್ಚಿದ್ದಾರೆ. ಚಪಾತಿ ಲಟ್ಟಿಸುವ ಲಟ್ಟಣಿಗೆಯೇ, ಸಂಶಯ ಬೇಡ. ಒಂದು ತುದಿ ಇಂಜಿನ್ನಿನ ಮೇಲೆ, ಇನ್ನೊಂದು ಬಾಯಲ್ಲಿ. ನಾನು ನಮಸ್ಕಾರ ಅನ್ನಲು ಹೋದರೆ ಎಡಗೈ ಎತ್ತಿ ತಡೆಯುತ್ತಾರೆ.

ಇವರು ಕುತುಬುದ್ದೀನ್ ಮೇಸ್ತ್ರಿ, ವಯಸ್ಸು ನಲವತ್ತೆಂಟು. ಡೀಸೆಲ್ ಲಾರಿ ನಡುಗಿದರೆ, ಕೆಮ್ಮಿದರೆ, ಏರಿನಲ್ಲಿ ಮುಗ್ಗರಿಸಿದರೆ ಪಾವಗಡದಿಂದ ಕೊರಟಗೆರೆಯವರೆಗಿನ ಡ್ರೈವರುಗಳಿಗೆ ಮೊದಲು ನೆನಪಾಗುವ ಹೆಸರು. ಅದರಾಚೆ ಯಾರಿಗೂ ಗೊತ್ತಿಲ್ಲ. ಅಂಗಡಿಗೆ ಬೋರ್ಡಿಲ್ಲ, ಬೋರ್ಡು ಹಾಕಲು ಗೋಡೆಯೂ ಇಲ್ಲ. ಒಂದು ತಗಡಿನ ಚಪ್ಪರ, ಒಂದು ಕಬ್ಬಿಣದ ಪೆಟ್ಟಿಗೆ, ಈ ಹುಣಸೆಮರ. ಹದಿನೇಳು ವರ್ಷದಿಂದ ಇಷ್ಟೇ.

ಆದರೆ ಕಟ್ಟುನಿಟ್ಟಿಗೇನೂ ಕಡಿಮೆಯಿಲ್ಲ. ಕಾಯಿಲೆ ಬಿದ್ದ ಲಾರಿಯನ್ನು ಹಿಂದಿನ ಸಂಜೆಯೇ ತಂದು ನಿಲ್ಲಿಸಬೇಕು. ಬೆಳಗಿನ ಹೊತ್ತಿಗೆ ತಣ್ಣಗಾದ ಇಂಜಿನ್ನನ್ನು, ಬಸ್ಸುಗಳ ಹಾರ್ನು ಶುರುವಾಗುವ ಮುಂಚೆ, ಚಾಲೂ ಮಾಡಿ ಕೇಳುತ್ತಾರೆ. ದಿನಕ್ಕೆ ಎರಡೇ ಲಾರಿ, ಮೂರನೆಯದು ನಾಳೆಗೆ.

“ಬಿಸಿ ಇಂಜಿನ್ನು ಊಟ ಆದ್ಮೇಲೆ ಮಾತಾಡೋ ಮನ್ಸನ ತರ ಸಾಮಿ, ಎಲ್ಲಾ ಚೆನ್ನಾಗೈತೆ ಅಂತದೆ. ಹೊಟ್ಟೆ ಹಸ್ಕೊಂಡಿರೋವಾಗ ಕೇಳ್ಬೇಕು. ಆವಾಗ ನಿಜ ಹೇಳ್ತದೆ” ಎನ್ನುತ್ತಾರೆ ಅವರು.

ಹುಟ್ಟಿದ್ದು ಶಿರಾದಲ್ಲಿ. ತಂದೆ ಫಕ್ರುದ್ದೀನ್ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. “ಅಬ್ಬಾ ಬಿಂದಿಗೆಗೆ ಬೆರಳಲ್ಲಿ ಬಡ್ದು, ಬಿರುಕು ಎಲ್ಲೈತೆ ಅಂತ ಹೇಳ್ಬುಡೋರು. ಕಣ್ಣಲ್ಲಿ ನೋಡ್ತಾನೇ ಇರ್ಲಿಲ್ಲ.” ಮಗ ಆ ಕಿವಿಯನ್ನೇ ಕಟ್ಟಿಕೊಂಡು ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪು ಸೇರಿದರು. ಅಲ್ಲಿ ಡೀಸೆಲ್ ವಿದ್ಯೆ ಒಲಿಯಿತು, ಪಕ್ಕದಲ್ಲೇ ಟೈರು ಸಿಡಿದು ಬಲಗಿವಿ ಹೋಯಿತು. ಎಡಗಿವಿಯೂ ಈಚೆಗೆ ಮಂದ. ಕಿವಿಗೆ ತಲುಪದ ಸದ್ದು ಹಲ್ಲಿನ ಮೂಲಕ ದವಡೆಗೆ ತಲುಪುತ್ತದೆ ಎಂದು ಗೊತ್ತಾದ ಮೇಲೆ ಸ್ಕ್ರೂಡ್ರೈವರ್ ಕಚ್ಚಿ ಕೇಳತೊಡಗಿದರು. ಮುಂದಿನ ಹಲ್ಲೊಂದು ಚೂರಾದ ದಿನ ಹೆಂಡತಿಯ ಅಡುಗೆಮನೆಗೆ ಕನ್ನ ಹಾಕಿದರು.

“ಮೂರು ದಿನ ರೊಟ್ಟಿ ಕೈಯಲ್ಲೇ ತಟ್ಟಿದ್ದೀನಿ. ವಾಪಸ್ ತಂದ್ಕೊಟ್ರೆ ಬರೀ ಗ್ರೀಸ್ ವಾಸ್ನೆ. ನೀವೇ ಇಟ್ಕೊಳ್ಳಿ ಅಂದ್ಬುಟ್ಟೆ” ಎಂದು ಚಹಾ ತಂದ ಬದರುನ್ನೀಸಾ ನಗುತ್ತಾರೆ.

ಇಂದಿನ ಲಾರಿ ಮಂಡಿ ಸಾಹುಕಾರ ನಂದೀಶ್ವರಯ್ಯನವರದು. ಮಫ್ಲರ್ ಸುತ್ತಿಕೊಂಡು ಅವರೇ ಬಂದಿದ್ದಾರೆ. ಐ.ಡಿ.ಹಳ್ಳಿಯ ಗಂಗಹನುಮಯ್ಯ ಒಂಬತ್ತು ವರ್ಷದಿಂದ ಇದರ ಡ್ರೈವರ್. ವಾರದಿಂದ ಲಾರಿ ನಡುಗುತ್ತಿದೆ, ಏರು ಹತ್ತದೆ ಹೊಗೆ ಉಗುಳುತ್ತಿದೆ. ಡ್ರೈವರು ಎಣ್ಣೆ ನೋಡದೆ ಓಡಿಸಿ ಕೆಡಿಸಿದ ಎಂಬುದು ಸಾಹುಕಾರರ ತೀರ್ಮಾನ. ನಿನ್ನೆಯೇ ಕೀಲಿಕೈ ಕಿತ್ತುಕೊಂಡಿದ್ದಾರೆ.

“ಮಗೀನಂಗೆ ನೋಡ್ಕಂಡಿವ್ನಿ ಕಣಣ್ಣ. ನಾನೇನೂ ಮಾಡಿಲ್ಲ” ಎಂದು ಗಂಗಹನುಮಯ್ಯ ನನ್ನಂಥ ಅಪರಿಚಿತನ ಹತ್ತಿರವೂ ಹೇಳಿಕೊಳ್ಳುತ್ತಾನೆ. ಸಾಹುಕಾರರು ಆ ಕಡೆ ತಿರುಗದೆ, “ಮೇಸ್ತ್ರಿ ಏನಂತಾನೋ ಅದೇ ಕಡೇ ಮಾತು. ಇವನ ತಪ್ಪು ಅಂದ್ರೆ ನಾಳೆಯಿಂದ ಬೇರೆ ಡ್ರೈವರು” ಎನ್ನುತ್ತಾರೆ.

ಇಂಜಿನ್ನೆಂದರೆ ಹೊಗೆ ಬಿಡುವ ಪೆಟ್ಟಿಗೆ ಎಂದಷ್ಟೇ ತಿಳಿದಿದ್ದ ನನಗೆ ಮೇಸ್ತ್ರಿ ಬಿಡಿಸಿ ಹೇಳಿದ್ದು ಇದು: ಆರು ಸಿಲಿಂಡರು, ಹನ್ನೆರಡು ವಾಲ್ವು. ವಾಲ್ವೆಂದರೆ ಪುಟ್ಟ ಬಾಗಿಲು. ಗಾಳಿ ಬರಲು ಆರು, ಹೊಗೆ ಹೋಗಲು ಆರು. ಪ್ರತಿ ಬಾಗಿಲನ್ನೂ ಒತ್ತಿ ತೆರೆಯುವ ತುಂಡಿಗೂ ಬಾಗಿಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಕಟಕ ಸದ್ದು. ಸಂದೇ ಇಲ್ಲದಿದ್ದರೆ ಸದ್ದಿಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಒಳಗಿನ ಒತ್ತಡ ಸೋರಿ, ಬೆಂಕಿ ನುಗ್ಗಿ ಬಾಗಿಲಂಚು ಸುಡುತ್ತದೆ. ಸದ್ದು ಮಾಡುವುದಕ್ಕಿಂತ ಮಾಡದಿರುವುದಕ್ಕೇ ಮೇಸ್ತ್ರಿ ಹೆಚ್ಚು ಹೆದರುತ್ತಾರೆ.

ಲಟ್ಟಣಿಗೆ ಒಂದನೆಯ ಸಿಲಿಂಡರಿನಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಸರಿಯುತ್ತದೆ. ಅವರ ಬಲಗೈ ಬೆರಳು ತೊಡೆಯ ಮೇಲೆ ಸಣ್ಣಗೆ ತಾಳ ಹಾಕುತ್ತಿದೆ. ನಾಲ್ಕನೆಯದಕ್ಕೆ ಬಂದಾಗ ಬೆರಳು ಅರ್ಧ ತಾಳಕ್ಕೇ ನಿಲ್ಲುತ್ತದೆ. ಬೆಟ್ಟದ ಮೇಲಿನ ಬಿಸಿಲು ಒಂದು ಮಾರು ಕೆಳಗಿಳಿದಿದೆ, ಮರದಲ್ಲಿ ಗಿಳಿಗಳು ಎದ್ದಿವೆ. ಈ ಮನುಷ್ಯ ಮಾತ್ರ ಬೇರೆ ಯಾವುದೋ ಲೋಕದ ಹೊಸ್ತಿಲಲ್ಲಿ ನಿಂತವರಂತೆ ಕಾಣುತ್ತಾರೆ.

ಆಮೇಲೆ ಸ್ಪ್ಯಾನರ್ ಹಿಡಿದು ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿಯುತ್ತಾರೆ. ಪ್ರತಿ ಸಲವೂ ಆ ಸಿಲಿಂಡರಿಗೆ ಡೀಸೆಲ್ ತಪ್ಪಿ ಇಂಜಿನ್ನು ಕುಸಿದು ಚೇತರಿಸಿಕೊಳ್ಳುತ್ತದೆ. ನಾಲ್ಕನೆಯದನ್ನು ಸಡಿಲಿಸಿದಾಗ ಮಾತ್ರ ಏನೂ ಆಗುವುದಿಲ್ಲ. “ಪಲ್ಲಕ್ಕಿ ಹೊತ್ತಿರೋ ಆರು ಜನದಲ್ಲಿ ಒಬ್ಬ ಸುಮ್ನೆ ಕೈ ಇಟ್ಕೊಂಡು ನಡೀತಾವ್ನೆ” ಎಂದು ಇಂಜಿನ್ ನಿಲ್ಲಿಸುತ್ತಾರೆ.

ಮೇಲಿನ ಮುಚ್ಚಳ ಬಿಚ್ಚಿ, ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ, ನಾಲ್ಕನೆಯದರ ಹೊಗೆಬಾಗಿಲ ಸಂದಿಗೆ ತೆಳು ಉಕ್ಕಿನ ಪಟ್ಟಿ ತೂರಿಸಲು ನೋಡುತ್ತಾರೆ. ಹೋಗುವುದಿಲ್ಲ. ಅದಕ್ಕಿಂತ ತೆಳುವಾದದ್ದೂ ಹೋಗುವುದಿಲ್ಲ. ಮೇಸ್ತ್ರಿಯ ಮುಖ ಇಳಿಯುತ್ತದೆ. ಗಂಗಹನುಮಯ್ಯನ ಕಥೆ ಮುಗಿಯಿತು ಎಂದುಕೊಂಡೆ ನಾನು. ಅವನೂ ಹಾಗೇ ಅಂದುಕೊಂಡಿರಬೇಕು, ಮಡ್‌ಗಾರ್ಡ್ ಹಿಡಿದು ನಿಂತುಬಿಟ್ಟ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾರೆ. “ಯಜಮಾನ್ರೆ, ಇದು ಗಂಗಣ್ಣನ ತಪ್ಪಲ್ಲ. ನಂದು.”

ನಾಲ್ಕನೆಯ ವಾಲ್ವಿನ ಮೇಲೆ ಬೆರಳಿಟ್ಟು ಅವರೇ ಮುಂದುವರಿಸುತ್ತಾರೆ. “ಹೋದ ತಿಂಗ್ಳು ಬಡವನಹಳ್ಳಿ ಸಂತೆಗೆ ಹೊಂಟಿದ್ದೆ. ಇದೇ ಲಾರಿ ಎದುರಾಯ್ತು. ಟಕಟಕ ಅಂತದೆ, ಸದ್ದು ನಿಲ್ಸು ಅಂತ ನೀವೇ ಹೇಳಿದ್ರಿ. ಮಟಮಟ ಮಧ್ಯಾಹ್ನ, ಇಂಜಿನ್ ಬಿಸಿ, ಸುತ್ತ ಹಾರ್ನು. ಲಟ್ಟಣಿಗೆ ಅಂಗ್ಡೀಲಿ. ನಿಮ್ ಮಾತು ತೆಗೆದಾಕಕ್ಕೆ ಆಗ್ಲಿಲ್ಲ, ಬರೀ ಕಿವೀಲಿ ಕೇಳ್ದೆ. ನಾಲ್ಕನೇದು ಅನ್ಸ್ತು, ಬಿಗಿ ಮಾಡ್ದೆ. ಸದ್ದು ನಿಲ್ಲಿಲ್ಲ. ಐದನೇದು ಬಿಗಿ ಮಾಡ್ದೆ, ನಿಲ್ತು. ಬಿಗಿ ಮಾಡಿದ್ದ ನಾಲ್ಕನೇದನ್ನ ಮತ್ತೆ ಸಡ್ಲ ಬುಡೋದು ಮರ್ತೋಯ್ತು.”

“ನಿನ್ನ ತಪ್ಪಾ ಅಂತ ಯಾರೂ ನಿನ್ನ ಕೇಳಿರ್ಲಿಲ್ವಲ್ಲ ಮೇಸ್ತ್ರಿ” ಎಂದರು ನಂದೀಶ್ವರಯ್ಯ. “ನಾಳೆ ಊರೆಲ್ಲ ಕುತುಬುದ್ದೀನ್ ಕಿವಿ ಹೋಯ್ತು ಅಂತದೆ.”

“ಅನ್ಲಿ ಬುಡಿ. ಹೋಗಿರೋದು ನಿಜ ತಾನೆ?”

ಸಾಹುಕಾರರು ಜೇಬಿನಿಂದ ಕೀಲಿಕೈ ತೆಗೆದು ಗಂಗಹನುಮಯ್ಯನ ಅಂಗೈಯಲ್ಲಿಟ್ಟು ಊರ ಕಡೆ ನಡೆಯುತ್ತಾರೆ. ಆ ಡ್ರೈವರು ಕೀಲಿಕೈ ಹಿಡಿದು ಅತ್ತೇಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ವಾಲ್ವು ಹೊರಬರುತ್ತದೆ. ಅದರ ಅಂಚು ಸೀದ ದೋಸೆಯ ಅಂಚಿನ ಹಾಗಿದೆ. ಮೇಸ್ತ್ರಿ ಅರೆಯುವ ಪೇಸ್ಟು ಹಚ್ಚಿ, ವಾಲ್ವಿನ ಕಡ್ಡಿಯನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆಯುವಂತೆ ತಿರುವುತ್ತಾರೆ. ಅಂಚು ಬೆಳ್ಳಿಯ ಉಂಗುರದಂತೆ ಹೊಳೆಯುವವರೆಗೆ, ಸಂಜೆಯವರೆಗೆ.

ಮರುದಿನ ಬೆಳಗಿಗೆ ನಾನು ಮತ್ತೆ ಹಾಜರು. ಅದೇ ಮಂಜು, ನೆತ್ತಿಯಲ್ಲಿ ಅದೇ ಬೆಳಕು. ತಣ್ಣನೆಯ ಇಂಜಿನ್ನು ಒಮ್ಮೆ ಕೆಮ್ಮಿ ಒಂದೇ ಸಮನೆ ಓಡತೊಡಗುತ್ತದೆ. ಮೇಸ್ತ್ರಿ ಲಟ್ಟಣಿಗೆ ಒರೆಸಿ ನನ್ನ ಕೈಗೆ ಕೊಡುತ್ತಾರೆ. ಕಚ್ಚಿದೆ. ಹೊರಗಿನ ಗದ್ದಲವೆಲ್ಲ ದೂರ ಸರಿದು, ನನ್ನ ತಲೆಯೊಳಗೇ ಯಾರೋ ಮೆಲ್ಲಗೆ ಬಾಗಿಲು ತಟ್ಟುವುದು ಕೇಳುತ್ತದೆ: ಟಿಕ್, ಟಿಕ್, ಟಿಕ್. ನಾಲ್ಕನೆಯದೂ ಮಾತಾಡುತ್ತಿದೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ಬಾಯಲ್ಲಿ ಗ್ರೀಸಿನ ರುಚಿ ಇನ್ನೂ ಇದೆ.

ಹೊರಡುವಾಗ, ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತೇನೆ, ಆ ತಪ್ಪಿನ ವಿಷಯ ಬಿಡುತ್ತೇನೆ ಎಂದೆ. ಅವರಿಗೆ ಕೇಳಿಸಲಿಲ್ಲ. ಎಡಗಿವಿಯ ಹತ್ತಿರ ಹೋಗಿ ಮತ್ತೆ ಹೇಳಿದೆ.

“ಅಯ್ಯೋ ಬಿಡ್ಬೇಡಿ ಸಾಮಿ, ಅದನ್ನೇ ಹಾಕಿ” ಎಂದರು ಕುತುಬುದ್ದೀನ್. “ಕೆಡಿಸ್ದೋನು ನಾನೇ ಅಂತ ಹಾಕಿ. ಕಂಡುಹಿಡ್ದೋನೂ ನಾನೇ ಅಂತ ಹಾಕಿ.”