ಪುಟ್ಟತಾಯಮ್ಮನ ಹತ್ತು ಬೆರಳು

ವಿದ್ಯಾರಣ್ಯಪುರಂನ ಆ ಶಾಲೆಗೆ ಪುಟ್ಟತಾಯಮ್ಮ ಆಯಾ ಆಗಿ ಸೇರಿ ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಅವಳೇ. ಸೊಂಟದಲ್ಲಿ ಬೀಗದ ಕೈ ಗೊಂಚಲು. ವಿಜ್ಞಾನದ ಕೋಣೆಯ ಗಾಜಿನ ಬೀರುವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ಪೇಪರಿನಲ್ಲಿ ಉಜ್ಜಿ, ತನ್ನ ಮುಖ ತನಗೆ ಕಂಡ ಮೇಲೇ ಅವಳಿಗೆ ಕಾಫಿ.

ಆ ಗುರುವಾರ ಬೀಗ ತೆಗೆದು ಒಳಗೆ ಹೋದರೆ ಬೀರುವಿನ ಬಾಗಿಲು ಓರೆಯಾಗಿತ್ತು. ಮೇಲಿನ ಹಲಗೆ ಖಾಲಿ. ಮೈಕ್ರೋಸ್ಕೋಪ್ ಇಲ್ಲ.

ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದಳು. ವಿಜ್ಞಾನದ ಟೀಚರ್ ಸುಷ್ಮಾ ಆಗಷ್ಟೇ ಸ್ಕೂಟರ್ ನಿಲ್ಲಿಸುತ್ತಿದ್ದರು.

"ಮೇಡಂ, ಮೈಕ್ರೋಸ್ಕೋಪು ಕಾಣ್ತಿಲ್ಲ ಕಣ್ರೀ. ನಾನೀಗ ಬಾಗ್ಲು ತೆಗ್ದೆ, ಅಷ್ಟೇಯ."

ಸುಷ್ಮಾ ಗಾಬರಿಯಾಗಲಿಲ್ಲ. ಹೆಲ್ಮೆಟ್ ತೆಗೆಯುತ್ತಾ, "ಹೌದಾ? ಏನನ್ನೂ ಮುಟ್ಬೇಡಿ ಅಮ್ಮ. ಮೂರನೇ ಪೀರಿಯಡ್‌ನಲ್ಲಿ ಬೆರಳಚ್ಚು ತೆಗೆಸ್ತೀನಿ. ಯಾರು ಮುಟ್ಟಿದಾರೆ ಅಂತ ಗಾಜೇ ಹೇಳುತ್ತೆ" ಅಂದರು.

ಬೆರಳಚ್ಚು. ಆ ಮಾತು ಕಿವಿಗೆ ಬಿದ್ದದ್ದೇ ಪುಟ್ಟತಾಯಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಅವಳಿಗೆ ಇಪ್ಪತ್ತೆರಡು ತುಂಬಿದ ವರ್ಷ ಯಾದವಗಿರಿಯ ಬಂಗಲೆಯೊಂದರಲ್ಲಿ ಮನೆಗೆಲಸಕ್ಕಿದ್ದಳು. ಒಂದು ದಿನ ದೇವರ ಮನೆಯ ಬೆಳ್ಳಿಯ ಕುಂಕುಮದ ಭರಣಿ ಕಾಣೆಯಾಯಿತು. ಸ್ಟೇಷನ್ನಿಗೆ ಕರೆದೊಯ್ದರು. ಬೆಂಚಿನ ಮೇಲೆ ಕೂರಿಸಿ ಒಂದೊಂದೇ ಬೆರಳು ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದರು. ಹತ್ತೂ ಬೆರಳು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರು ಏನೋ ಹೇಳಿಕೊಂಡು ನಕ್ಕರು. ಮೂರನೇ ದಿನ ಭರಣಿ ಆ ಮನೆಯ ಅಕ್ಕಿ ಡಬ್ಬದಲ್ಲೇ ಸಿಕ್ಕಿತು. ತಪ್ಪಾಯಿತು ಅಂತ ಒಬ್ಬರೂ ಹೇಳಲಿಲ್ಲ. ಮಸಿ ಹೋಗಲು ವಾರ ಹಿಡಿಯಿತು. ಮಾತು ಹೋಗಲೇ ಇಲ್ಲ. ಸ್ಟೇಷನ್ ಮೆಟ್ಟಿಲು ಹತ್ತಿದವಳಿಗೆ ಯಾರ ಮನೆಯಲ್ಲೂ ಕೆಲಸ ಸಿಗಲಿಲ್ಲ. ಮನೆಯಲ್ಲೇ ಕೂತು ಊದುಬತ್ತಿ ಹೊಸೆಯತೊಡಗಿದಳು. ಮೂವತ್ತು ವರ್ಷ, ಮಣೆಯ ಮೇಲೆ ಕಪ್ಪು ಹಿಟ್ಟು, ಬಿದಿರಿನ ಕಡ್ಡಿ, ದಿನಕ್ಕೆ ಸಾವಿರಗಟ್ಟಲೆ. ಗಂಡ ತೀರಿಕೊಂಡಾಗಲೂ ಹನ್ನೆರಡನೇ ದಿನಕ್ಕೆ ಮತ್ತೆ ಮಣೆ ಹಾಕಿದ್ದಳು. ಶಾಲೆಗೆ ಸೇರಿದ ಮೇಲೂ ಸಂಜೆಹೊತ್ತು ಹೊಸೆಯುವುದು ನಿಂತಿರಲಿಲ್ಲ.

ಈಗ ಶಾಲೆಯಲ್ಲಿ ಎಲ್ಲರೂ ಅವಳನ್ನು ನಂಬಿ ಬೀಗದ ಕೈ ಕೊಟ್ಟಿದ್ದರು. ಅದೇ ಅವಳ ಮರ್ಯಾದೆ. ಆ ಕೋಣೆಯ ಇನ್ನೊಂದು ಬೀಗದ ಕೈ ಹೆಡ್‌ಮಾಸ್ಟರ್ ಏಕಾಂತಯ್ಯನವರ ಹತ್ತಿರವೂ ಇತ್ತು. ಆದರೆ ಹೆಡ್‌ಮಾಸ್ಟರರನ್ನು ಯಾರು ಕೇಳುತ್ತಾರೆ? ಹನ್ನೊಂದು ವರ್ಷ ದಿನಾ ಒರೆಸಿದ ಗಾಜು. ಅದರ ತುಂಬ ತನ್ನ ಬೆರಳೇ ಇರುತ್ತದೆ. ಹಳೆಯ ಕಾಗದ ಇನ್ನೂ ಯಾವುದೋ ಸ್ಟೇಷನ್ನಿನ ಕಪಾಟಿನಲ್ಲಿ ಇದ್ದರೆ?

ಪ್ರಾರ್ಥನೆಯ ಬೆಲ್ ಹೊಡೆಯಿತು. ಎಲ್ಲರೂ ಮೈದಾನದಲ್ಲಿ. ಪುಟ್ಟತಾಯಮ್ಮ ಮೆಲ್ಲಗೆ ವಿಜ್ಞಾನದ ಕೋಣೆಗೆ ಹೋದಳು. ಬಟ್ಟೆ ಅದ್ದಿದಳು. ಎರಡೂ ಗಾಜು, ಹಿಡಿ, ಕೆಳಗಿನ ಹಲಗೆ, ಕೈಗೆಟುಕಿದ ಕಡೆಯೆಲ್ಲ ಒರೆಸಿದಳು. ಹೊರಗೆ ಮಕ್ಕಳ ಹಾಡು ಮುಗಿಯುವಷ್ಟರಲ್ಲಿ ಬಾಗಿಲ ಹೊರಗಿದ್ದಳು.

ಆಮೇಲೆ ಮಾಡಿದ್ದೇನು ಅಂತ ಅರಿವಾಯಿತು. ಮುಟ್ಟಬೇಡಿ ಅಂದದ್ದನ್ನೇ ಮುಟ್ಟಿದ್ದಾಯಿತು.

ಮೂರನೇ ಪೀರಿಯಡ್‌ಗೆ ಎಂಟನೇ ತರಗತಿಯ ಮಕ್ಕಳು ಬಂದರು. ಸುಷ್ಮಾ ಅವಳನ್ನೂ ಕರೆಸಿದರು. ಮಕ್ಕಳು ಪೆನ್ಸಿಲ್ ಸೀಸ ಅರೆದು ಪುಡಿ ಮಾಡಿದ್ದರು. ಅನು ಎಂಬ ಹುಡುಗಿ ಮೆತ್ತನೆಯ ಬ್ರಷ್ಷಿನಿಂದ ಗಾಜಿಗೆ ಪುಡಿ ಸವರಿದಳು. ಎಲ್ಲರೂ ಬಗ್ಗಿ ನೋಡಿದರು. ಒಂದು ಗುರುತೂ ಏಳಲಿಲ್ಲ.

"ಮಿಸ್, ಗಾಜು ಪಳಪಳ ಅಂತಿದೆ. ಮೂಲೇಲಿ ಒದ್ದೆ ಬಟ್ಟೆ ಎಳೆದ ಗೆರೆ ಇದೆ. ಯಾರೋ ಒರೆಸ್ಬುಟ್ಟಿದಾರೆ!" ಅಂದಳು ಅನು.

"ಒರೆಸಿದೋರೇ ಕಳ್ಳರು ಕಣೇ!" ಹಿಂದಿನಿಂದ ಒಬ್ಬ ಕೂಗಿದ. ಮಕ್ಕಳು ಗೊಳ್ಳೆಂದು ನಕ್ಕರು. ಅವತ್ತು ಸ್ಟೇಷನ್ನಿನಲ್ಲಿ ನಕ್ಕಿದ್ದೂ ಹೀಗೆಯೇ. ಪುಟ್ಟತಾಯಮ್ಮ ಗೋಡೆಗೆ ಒರಗಿದಳು.

ಸುಷ್ಮಾರ ಮುಖ ಸ್ವಲ್ಪ ಪೆಚ್ಚಾಯಿತು. "ಸರಿ, ಮೊದಲು ಎಲ್ಲರ ಬೆರಳಚ್ಚು ತಗೊಳ್ಳೋಣ."

ಪೆನ್ಸಿಲ್ ಗೀಚಿ ಕಪ್ಪಾಗಿಸಿದ ಕಾಗದಕ್ಕೆ ಬೆರಳು ಒತ್ತಿ, ಅದನ್ನು ಟೇಪಿಗೆ ಒತ್ತಿ, ಟೇಪನ್ನು ಬಿಳಿ ಹಾಳೆಗೆ ಅಂಟಿಸುವುದು. ಮಕ್ಕಳ ಬೆರಳುಗಳಲ್ಲಿ ಸುರುಳಿ, ಕಮಾನು ಎಲ್ಲ ಚೆನ್ನಾಗಿ ಮೂಡಿದವು.

"ಅಜ್ಜಿ, ನಿಮ್ದು ಕೊಡಿ" ಅಂದಳು ಅನು.

ಪುಟ್ಟತಾಯಮ್ಮ ಸೆರಗಿನಿಂದ ಕೈ ತೆಗೆದು ಚಾಚಿದಳು. ಅನು ಬಲಗೈ ಹೆಬ್ಬೆರಳು ಹಿಡಿದು ಒತ್ತಿದಳು. ಬರೀ ಕಪ್ಪು ಮಚ್ಚೆ ಬಿತ್ತು. ತೋರುಬೆರಳು ಒತ್ತಿದಳು. ಅದೂ ಮಚ್ಚೆ. ಒಂದು ಗೆರೆಯೂ ಇಲ್ಲ.

ಅನು ಟೇಪನ್ನು ಬೆಳಕಿಗೆ ಹಿಡಿದು ನೋಡಿದಳು.

"ಮಿಸ್... ಅಜ್ಜಿಗೆ ಬೆರಳಚ್ಚೇ ಇಲ್ಲ."

ಪುಟ್ಟತಾಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಸೊಂಟದಿಂದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು. "ಒರೆಸಿದ್ದು ನಾನೇ ಕಣವ್ವ. ಹೆದ್ರಿ ಒರೆಸ್ದೆ. ತಗೊಂಡಿಲ್ಲ. ನನ್ನ ಮಗಳಾಣೆಗೂ ತಗೊಂಡಿಲ್ಲ. ಸ್ಟೇಷನ್ನಿಗೆ ಮಾತ್ರ ಕಳಿಸ್ಬೇಡಿ. ಕೆಲ್ಸ ಬುಡು ಅಂದ್ರೆ ಈಗ್ಲೇ ಬುಟ್ಟೋಯ್ತೀನಿ."

ಸುಷ್ಮಾರ ಕೈಯಿಂದ ಟೇಪು ಬಿತ್ತು. "ಅಯ್ಯೋ ಅಮ್ಮ, ಇದು..."

"ಇರಿ ಮಿಸ್" ಅಂದಳು ಅನು. ಅವಳು ಬೀರುವನ್ನೇ ನೋಡುತ್ತಿದ್ದಳು. "ಅಜ್ಜಿ, ಇಲ್ಲಿ ಬಂದು ನಿಂತ್ಕೊಳ್ಳಿ. ಕೈ ಮೇಲೆತ್ತಿ. ಇನ್ನೂ ಮೇಲೆ."

ಪುಟ್ಟತಾಯಮ್ಮ ಗಿಡ್ಡ. ಕೈಯೆತ್ತಿದರೂ ಬೀರುವಿನ ಬಾಗಿಲಿನ ಮೇಲಿನ ಚೌಕಟ್ಟಿಗೆ ಗೇಣುದ್ದ ಕಡಿಮೆ. ಅನು ಕುರ್ಚಿ ಎಳೆದು ಹತ್ತಿದಳು. ಕಪ್ಪು ಪಾಲಿಶ್ ಮಾಡಿದ ಆ ಚೌಕಟ್ಟಿನ ಮೇಲೆ ಬಿಳಿಯಾಗಿ ಒಂದು ಹೆಬ್ಬೆರಳಿನ ಅಚ್ಚು ಕಾಣುತ್ತಿತ್ತು. ಪುಡಿಯೇ ಬೇಕಾಗಿರಲಿಲ್ಲ. ನಡುವೆ ಅಡ್ಡಕ್ಕೆ ಹಳೆಯ ಗಾಯದ ಗೆರೆ.

"ಅಜ್ಜಿ ಕೈ ಇಲ್ಲಿಗೆ ಎಟುಕೋದೇ ಇಲ್ಲ ಮಿಸ್. ಇದನ್ನ ಮುಟ್ಟಿದೋರು ಎತ್ತರ ಇದಾರೆ. ಇದು..." ಅನು ಮೂಸಿ ನೋಡಿದಳು. "ವಿಭೂತಿ!"

ಇಡೀ ತರಗತಿ ಬಾಗಿಲ ಕಡೆ ತಿರುಗಿತು. ಅಲ್ಲಿ ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಮೈಕ್ರೋಸ್ಕೋಪ್ ತಬ್ಬಿಕೊಂಡು ಏಕಾಂತಯ್ಯನವರು ನಿಂತಿದ್ದರು. ಪಾಠಕ್ಕೆಂದು ಹಿಂದಿನ ಸಂಜೆ ಅವರೇ ಅದನ್ನು ಎತ್ತಿಟ್ಟಿದ್ದರು. ಇದು ಆಟ ಅಂತ ಮಕ್ಕಳಿಗೆಲ್ಲ ಗೊತ್ತಿತ್ತು. ಪುಟ್ಟತಾಯಮ್ಮನಿಗೆ ಹೇಳಬೇಕು ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

"ಸಿಕ್ಕಿಬಿದ್ದೆ ಕಣ್ರಪ್ಪ" ಅಂದರು ಏಕಾಂತಯ್ಯ, ಗಾಯದ ಗೆರೆಯಿದ್ದ ಹೆಬ್ಬೆರಳು ತೋರಿಸುತ್ತಾ. ಯಾರೂ ನಗಲಿಲ್ಲ. ಪುಟ್ಟತಾಯಮ್ಮ ಇನ್ನೂ ಕೈ ಮೇಲೆತ್ತಿಕೊಂಡೇ ನಿಂತಿದ್ದಳು.

ಸುಷ್ಮಾ ಬಂದು ಆ ಕೈ ಇಳಿಸಿದರು. "ತಪ್ಪಾಯ್ತು ಅಮ್ಮ. ನಂದೇ ತಪ್ಪು" ಅಂದರು. ಗೊಂಚಲನ್ನು ಮತ್ತೆ ಅವಳ ಕೈಗೆ ಇಟ್ಟರು. ಬೆರಳು ಸವೆದದ್ದು ಹೇಗೆ ಅಂತ ಮಕ್ಕಳು ಕೇಳಿದಾಗ ಅವಳು ಊದುಬತ್ತಿಯ ಕತೆ ಹೇಳಿದಳು. ಭರಣಿಯ ಕತೆ ಹೇಳಲಿಲ್ಲ. ಅನು ಹತ್ತೂ ಬೆರಳು ಒತ್ತಿಸಿ ನೋಡಿದಳು. ಹೊಸೆಯುವಾಗ ಯಾವತ್ತೂ ಮಣೆಗೆ ತಾಗದ ಎಡಗೈ ಕಿರುಬೆರಳಿನಲ್ಲಿ ಮಾತ್ರ ಒಂದು ಸುರುಳಿ ಪೂರ್ತಿ ಉಳಿದಿತ್ತು. ಅದನ್ನು ಹಾಳೆಗೆ ಅಂಟಿಸಿ, ಕೆಳಗೆ ಅವಳ ಹೆಸರು ಬರೆದು ಗೋಡೆಗೆ ಹಾಕಿದರು.

ಮರುದಿನ ಬೆಳಿಗ್ಗೆ ಸುಷ್ಮಾ ಬರುವ ತನಕ ಬೀರು ಹಾಗೇ ಇತ್ತು. ಪುಟ್ಟತಾಯಮ್ಮ ಗೇಟಿನ ಹತ್ತಿರ ಒದ್ದೆ ಬಟ್ಟೆ ಹಿಡಿದು ಕಾಯುತ್ತಿದ್ದಳು.

"ಮೇಡಂ, ಇವತ್ತು ಒರೆಸ್ಬೋದಾ?"

ಅವತ್ತಿನಿಂದ ದಿನಾ ಹಾಗೆಯೇ ಕೇಳುತ್ತಾಳೆ.