ಡಬ್ಲಿನ್ನಿನ ಉದ್ಯಾನದಲ್ಲಿ ಚರಗ ಚೆಲ್ಲಿದ ಮುಂಜಾನೆ

ಇಂಥ ಅನುಭವ ಬರೆದವರನ್ನು ಗೇಲಿ ಮಾಡಿಕೊಂಡು ಬೆಳೆದವನು ನಾನು. ಬೈಲಹೊಂಗಲದಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಯ ವಿಷಯ ದೆವ್ವವಿರಲಿ, ಶಕುನವಿರಲಿ, ‘ವಿರುದ್ಧ’ ಮಾತಾಡುವ ಸರದಿ ನನ್ನದೇ. ಸಾಕ್ಷಿ ಯಾರು, ಬೇರೆ ಕಾರಣ ಯಾಕಿರಬಾರದು ಎಂದು ಕೇಳಿದರೆ ಎದುರಿನವರು ತಡವರಿಸುತ್ತಿದ್ದರು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನಗುವ ಮೊದಲು ನನ್ನ ವಾದವನ್ನೂ ಕೇಳಿ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಅಕ್ಕನ ಬಾಣಂತನಕ್ಕೆಂದು ಅವ್ವನನ್ನು ಮುನವಳ್ಳಿಯಿಂದ ಡಬ್ಲಿನ್ನಿಗೆ ಕರೆದುಕೊಂಡು ಹೋಗಿದ್ದೆ. ಅಕ್ಕ ಅಲ್ಲಿ ನರ್ಸ್. ಹೆರಿಗೆಗೆ ಇನ್ನೂ ದಿನವಿತ್ತು. ಅವಳು ಮಲಗಿದ್ದ ಹೊತ್ತಿನಲ್ಲಿ ನಾನೂ ಅವ್ವನೂ ಮನೆಯ ಹತ್ತಿರದ ಉದ್ಯಾನಕ್ಕೆ ಹೋಗುತ್ತಿದ್ದೆವು. ನಮ್ಮ ಕಡೆ ಗಾರ್ಡನ್ ಎಂದರೆ ಬೀಗ ಹಾಕಿದ ಗೇಟು, ಬಣ್ಣ ಹೋದ ಸಿಮೆಂಟಿನ ಜಿಂಕೆ, ಹುಲ್ಲಿನ ಮೇಲೆ ಕಾಲಿಡಬೇಡಿ ಎನ್ನುವ ಫಲಕ. ಅಲ್ಲಿ ಜನ ಹುಲ್ಲಿನ ಮೇಲೆ ತಮ್ಮ ಮನೆಯ ಹಾಸಿಗೆ ಎಂಬಂತೆ ಮಲಗುತ್ತಾರೆ. ಅವ್ವನಿಗೆ ಅದಕ್ಕಿಂತ ಬೆರಗು ತಂದದ್ದು ಬೆಂಚುಗಳು. ಒಂದೊಂದರ ಬೆನ್ನಿಗೂ ಸತ್ತವರ ಹೆಸರು, ಈ ಜಾಗ ಅವರಿಗೆ ಇಷ್ಟವಾಗಿತ್ತು ಎಂಬ ಒಂದು ಸಾಲು. ನನ್ನಿಂದ ಎಲ್ಲವನ್ನೂ ಓದಿಸಿ, ಮುಟ್ಟಿ ನಮಸ್ಕಾರ ಮಾಡಿಯೇ ಕೂಡುತ್ತಿದ್ದಳು.

“ಪಾಪ, ಇವರಿಗೆ ಹೊಲದಾಗ ಹಿರ್ಯಾರ ಸಮಾಧಿ ಕಟ್ಟಿ ಒಂದೂ ಇಲ್ಲ. ಸತ್ತ ಮ್ಯಾಲೆ ಕುಂದ್ರಾಕ ಬೆಂಚ್ ಇಟಗೊಂಡಾರ,” ಎನ್ನುವಳು.

ಅಷ್ಟರಲ್ಲಿ ಸೀಗಿ ಹುಣ್ಣಿಮೆ ಬಂತು. ಪೈರು ತುಂಬಿನಿಂತ ಭೂಮಿಯನ್ನು ನಾವು ಅಂದು ಬಸುರಿ ಎಂದೇ ಕಾಣುತ್ತೇವೆ. ಮಾಡಿದ ಅಡಿಗೆಯನ್ನೆಲ್ಲ ಕಲೆಸಿ ಹೊಲದ ತುಂಬ ಚೆಲ್ಲುವುದೇ ಚರಗ. ಇದಕ್ಕೆ ಇಬ್ಬರು ಬೇಕು. ಮುಂದಿನವರು ‘ಹುಲ್ಲುಲ್ಲಿಗೋ’ ಎಂದು ಕೂಗಿ ಚೆಲ್ಲಬೇಕು, ಹಿಂದಿನವರು ‘ಸಲಾಂಬ್ರಿಗೋ’ ಎಂದು ನೀರು ಚಿಮುಕಿಸಬೇಕು. ಉತ್ತರ ಬಾರದೆ ಮುಂದಿನ ಹೆಜ್ಜೆ ಇಡುವಂತಿಲ್ಲ, ಮುಂದಿನವರು ತಿರುಗಿ ನೋಡುವಂತಿಲ್ಲ. ನಮ್ಮ ಮನೆಯ ಪದ್ಧತಿ ಅದು.

ಹಿಂದಿನ ವರ್ಷ ಹೊಲದಲ್ಲಿ ಹೊಳೆಯ ನೀರು ನಿಂತು ಚರಗ ತಪ್ಪಿತ್ತು. ಅದೇ ತಿಂಗಳು ಅಕ್ಕನ ಮೊದಲ ಬಸಿರು ಇಳಿದುಹೋಗಿತ್ತು. ಅವ್ವ ಇವೆರಡನ್ನೂ ಗಂಟು ಹಾಕಿಕೊಂಡಿದ್ದಳು. ಒಂದರ ಹಿಂದೆ ಒಂದು ನಡೆದರೆ ಒಂದರಿಂದ ಇನ್ನೊಂದು ಆಯಿತು ಎನ್ನಲಾಗದು ಎಂದು ನಾನು ಎಷ್ಟೋ ವಾದಿಸಿದ್ದೆ. ಆದರೂ ಅಂದು ಹೋದ ಅವ್ವನ ರಾತ್ರಿಯ ನಿದ್ದೆ ಮರಳಲಿಲ್ಲ. ಈ ಸಲ ಉದ್ಯಾನದಲ್ಲೇ ಚೆಲ್ಲುತ್ತೇನೆಂದು ಹಟ ಹಿಡಿದಳು. ನಮ್ಮ ಹೊಲ ಮುನವಳ್ಳಿಯಲ್ಲಿದೆ, ಅಲ್ಲಿ ಅಪ್ಪ ಚೆಲ್ಲುತ್ತಾನೆ ಎಂದೆ.

“ಹೊಲ ನಮ್ಮದು, ಭೂಮಿ ಯಾರದೋ ತಮ್ಮಾ? ಮನಿ ಒಳಗೂ ಒಬ್ಬಾಕಿ ಬಸರಿ ಅದಾಳ, ಹೊರಗೂ ಒಬ್ಬಾಕಿ ಅದಾಳ. ಒಬ್ಬಾಕಿಗೆ ಉಣಿಸಿ ಇನ್ನೊಬ್ಬಾಕೀನ ಉಪವಾಸ ಕೆಡವಲೇನು?”

“ನೀರು ಹಾಕತೇನಿ. ಸಲಾಂಬ್ರಿಗೋ ಅಂತ ಒದರಂಗಿಲ್ಲ,” ಎಂದೆ.

ಮುಂಜಾನೆ ಮಂಜು ಇನ್ನೂ ಕರಗಿರಲಿಲ್ಲ. ದೂರದಲ್ಲಿ ಬಾತುಕೋಳಿಗಳು, ಮನುಷ್ಯರು ಯಾರೂ ಇಲ್ಲ. ಅವ್ವ ಸೆರಗು ಸಿಕ್ಕಿಸಿ, ಬುಟ್ಟಿಯಿಂದ ಹಿಡಿ ತೆಗೆದು, ಮೆಲ್ಲಗೆ “ಹುಲ್ಲುಲ್ಲಿಗೋ” ಎಂದಳು. ನಾನು ನೀರು ಚಿಮುಕಿಸಿ ಹಲ್ಲು ಕಚ್ಚಿ ನಿಂತೆ. ಅವಳ ಎತ್ತಿದ ಕೈ ಹಾಗೇ ಉಳಿಯಿತು. ತಿರುಗುವಂತಿಲ್ಲ, ಮುಂದೆ ಹೋಗುವಂತಿಲ್ಲ. ಮತ್ತೆ ಕೂಗಿದಳು. ಈ ಸಲ ದನಿ ಒಡೆದಿತ್ತು.

“ಸಲಾಂಬ್ರಿಗೋ.”

ಉತ್ತರ ಬಂದದ್ದು ನನ್ನ ಬೆನ್ನ ಹಿಂದಿನಿಂದ. ವಯಸ್ಸಾದ ಗಂಡಸಿನ ದನಿ, ಗಡಿಬಿಡಿಯಿಲ್ಲದ್ದು, ಜೀವಮಾನವಿಡೀ ಬದುವಿನ ಮೇಲೆ ನಡೆದವರ ದನಿ. ಅವ್ವ ಹೆಜ್ಜೆ ಎತ್ತಿಟ್ಟಳು. ನಾನು ತಿರುಗಿದೆ. ಸತ್ತವರ ಹೆಸರು ಹೊತ್ತ ಒಂದು ಖಾಲಿ ಬೆಂಚು ಇತ್ತು. ಇಬ್ಬನಿ ಹಿಡಿದ ಹುಲ್ಲಿನ ಮೇಲೆ ನಾವಿಬ್ಬರು ಬಂದ ಗುರುತು ಬಿಟ್ಟರೆ ಇನ್ನೊಂದಿಲ್ಲ. ಅವ್ವ ಮತ್ತೆ ಕೂಗಿದಳು, ಮತ್ತೆ ಉತ್ತರ ಬಂತು. ದೊಡ್ಡ ಓಕ್ ಮರವನ್ನು ಸುತ್ತಿ ಮುಗಿಸುವವರೆಗೂ ಅದು ನಮ್ಮ ಹಿಂದೆಯೇ ಬಂತು. ತಂಬಿಗೆ ಹಿಡಿದ ನನ್ನ ಕೈ ತನ್ನ ಪಾಡಿಗೆ ನೀರು ಚಿಮುಕಿಸುತ್ತಿತ್ತು. ಭಯವಾಗಲಿಲ್ಲ. ಬಹಳ ದೊಡ್ಡದೊಂದರ ಮುಂದೆ ಸಣ್ಣವನಾಗಿ ನಿಂತಂತಿತ್ತು.

“ಕಡೀಕೂ ಅಂದ್ಯಲ್ಲೋ,” ಬುಟ್ಟಿ ಬರಿದಾದ ಮೇಲೆ ಅವ್ವ ತಿರುಗಿ, ನನ್ನ ಗಲ್ಲ ಸವರಿದಳು. “ಥೇಟ್ ನಿಮ್ಮಪ್ಪನ ದನಿ ಬಂದೈತಿ ನಿನಗ.”

ಅಂದು ರಾತ್ರಿ ಅವಳು ಗೊರಕೆ ಹೊಡೆದು ಮಲಗಿದಳು. ಅದೇ ವಾರ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು, ಇಬ್ಬರೂ ಸುಖವಾಗಿದ್ದರು. ಅದಕ್ಕೆ ಕಾರಣ ಆಸ್ಪತ್ರೆ, ಚರಗವಲ್ಲ. ಆ ವಾದವನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ.

ಆದರೆ ಆ ದನಿ? ಪ್ರತಿಧ್ವನಿ ಎನ್ನುವಿರಾ? ಪ್ರತಿಧ್ವನಿ ಕೂಗಿದ್ದನ್ನೇ ಕೂಗುತ್ತದೆ, ಉತ್ತರ ಕೊಡುವುದಿಲ್ಲ. ನಮ್ಮ ಕಡೆಯವರೇ ಯಾರೋ ಇದ್ದರು ಎನ್ನುವಿರಾ? ಸವದತ್ತಿ-ರಾಮದುರ್ಗದ ಕಡೆಯವನೊಬ್ಬ ಡಬ್ಲಿನ್ನಿನಲ್ಲಿ ಚರಗದ ಕೂಗು ಕೇಳಿ, ಯಾವೂರ್ರಿ ನಿಮ್ಮದು ಎಂದು ಓಡಿ ಬಾರದೆ, ಕಡಬು ಇಸಿದುಕೊಳ್ಳದೆ ಹೋದಾನೆ? ನನ್ನ ಬಾಯಿಂದಲೇ ಬಂತೆಂದರೆ, ಕಚ್ಚಿ ಹಿಡಿದ ದವಡೆ ಸಂಜೆಯವರೆಗೂ ನೋಯುತ್ತಿತ್ತು. ಎದುರಾಳಿಯ ಪರವಾಗಿಯೂ ನಾನೇ ವಾದಿಸಿ ನೋಡಿದ್ದೇನೆ, ತೀರ್ಪು ಸಿಕ್ಕಿಲ್ಲ. ಉತ್ತರ ಕೊಟ್ಟದ್ದು ನಾನಲ್ಲ ಎಂದು ಅವ್ವನಿಗೆ ಹೇಳಿಲ್ಲ. ಹೇಳಿದರೆ ಆ ನಿದ್ದೆ ಮತ್ತೆ ಹೋದೀತು.

ಈಗ ಪ್ರತಿ ಸೀಗಿ ಹುಣ್ಣಿಮೆಗೆ ಮುನವಳ್ಳಿಯ ಹೊಲದಲ್ಲಿ ಅವ್ವ ಮುಂದೆ, ತಂಬಿಗೆ ಹಿಡಿದು ನಾನು ಹಿಂದೆ. ಅವಳು ಕೂಗಿ ಮುಗಿಸುವ ಮೊದಲೇ ನಾನು ಗಟ್ಟಿಯಾಗಿ ಉತ್ತರ ಕೊಟ್ಟುಬಿಡುತ್ತೇನೆ. ನಂಬಿಕೆ ಬಂತೆಂದು ಊರವರು ನಗುತ್ತಾರೆ. ನಂಬಿಕೆಯಲ್ಲ. ನಾನು ಒಂದು ಉಸಿರು ತಡಮಾಡಿದರೆ ಬೆನ್ನ ಹಿಂದೆ ಇನ್ನೊಬ್ಬರು ಸಿದ್ಧರಾಗಿ ನಿಂತಿದ್ದಾರೆ ಅನಿಸುತ್ತದೆ. ಆಗ ಮುಂದೆ ನಡೆಯುವ ಅವ್ವನಂತೆ ನಾನೂ ತಿರುಗಿ ನೋಡುವುದಿಲ್ಲ.