ಮುಳುಗಿದರೆ ಗೆದ್ದಂತೆ

ಒಂದು ಬಾಟಲಿ ರಕ್ತವನ್ನು ಪುಕ್ಕಟೆ ಕೊಡಲು ನನಗೆ ಎಷ್ಟು ಖರ್ಚು ಬಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆರು ತಿಂಗಳು, ಹಿತ್ತಿಲ ನುಗ್ಗೆಮರದ ಅರ್ಧ ತಲೆ, ಒಂದು ಡಬ್ಬ ಹುರುಳಿಕಾಳು, ಒಂದು ಜೊತೆ ಚಪ್ಪಲಿ, ಮತ್ತು ಊಟವಾದ ಕೂಡಲೇ ಕುಡಿಯುವ ಕಾಫಿ. ಮಿಕ್ಕಿದ್ದೆಲ್ಲ ಅಗ್ಗ. ಕಾಫಿ ಮಾತ್ರ ದುಬಾರಿಯಾಯಿತು. ಇಷ್ಟು ಖರ್ಚು ಮಾಡಿ ಪುಕ್ಕಟೆ ಕೊಡುವವಳನ್ನು ನಮ್ಮ ಪೇಟೆಯಲ್ಲಿ ದಡ್ಡಿ ಅನ್ನುತ್ತಾರೆ. ನನ್ನನ್ನು ಇದುವರೆಗೆ ಯಾರೂ ಹಾಗೆ ಅಂದಿಲ್ಲವಾದ್ದರಿಂದ, ಈ ವ್ಯಾಪಾರ ಯಾಕೆ ಮಾಡಿದೆ ಅಂತ ನಿಮಗೆ ವಿವರಿಸಬೇಕಾಗಿದೆ.

ನನ್ನ ಕಸುಬು ಕೊಬ್ಬರಿ. ತಿಪಟೂರಿನಿಂದ ಅರಳಗುಪ್ಪೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಶೆಡ್ಡಿದೆ. ಮದುವೆಯಾಗಿ ಬಂದಾಗ ಶೆಡ್ಡೂ ಇರಲಿಲ್ಲ, ಏನೂ ಇರಲಿಲ್ಲ. ಪಕ್ಕದ ತೋಟದವರ ಕಾಯಿಯನ್ನು ಕುಕ್ಕೆಯಲ್ಲಿ ಹೊತ್ತು ತಂದು ನಮ್ಮ ಅಟ್ಟದ ಮೇಲೆ ಒಣಗಲು ಹಾಕಿದ್ದೇ ಶುರು. ವರ್ಷದ ತನಕ ಅಟ್ಟದಲ್ಲಿ ಕೂತ ಕಾಯಿಯ ನೀರೆಲ್ಲ ಆರಿ, ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಅದು ಕೊಬ್ಬರಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗಿರುವುದು ಒಳ್ಳೆಯದೋ ಕೌಟು ಹಿಡಿದದ್ದೋ ನನಗೆ ಗೊತ್ತಾಗುತ್ತದೆ. ‘ಇದು ಆಗಲ್ಲ, ತಗೊಂಡ್ಹೋಗಿ’ ಅಂತ ನಾನು ವಾಪಸು ಕಳಿಸಿದ ಚೀಲಗಳು ಎಷ್ಟೋ. ಹಂದನಕೆರೆ ತನಕ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ‘ಅಲ್ಲಾಡ್ಸೋ ಅಕ್ಕ’ ಅಂದರೆ ಮನೆ ತೋರಿಸುತ್ತಾರೆ.

ಇಂಥ ನನ್ನನ್ನೇ ಒಬ್ಬರು ಅಲ್ಲಾಡಿಸಿ ನೋಡಿ ವಾಪಸು ಕಳಿಸಿದ ಕತೆ ಇದು.

ನನ್ನ ತಮ್ಮ ರುದ್ರೇಶನ ಹೆಂಡತಿ ಸವಿತಳಿಗೆ ಹೆರಿಗೆ ಆಯಿತು. ಹೆಣ್ಣು ಕೂಸು. ಕೂಸು ಅತ್ತಿತು, ನಾವೆಲ್ಲ ನಕ್ಕೆವು, ಅಷ್ಟರಲ್ಲಿ ಒಳಗೆ ಓಡಾಟ ಶುರುವಾಯಿತು. ಸವಿತಳಿಗೆ ರಕ್ತ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯವರು ಕೇಳದೆ ಮಾಡದೆ ರಕ್ತನಿಧಿಯಿಂದ ಮೂರು ಚೀಲ ತರಿಸಿ ಹಾಕಿದರು. ಸಂಜೆ ಹೊತ್ತಿಗೆ ಅವಳ ತುಟಿಗೆ ಬಣ್ಣ ಬಂತು. ನಾನು ಜೀವಮಾನದಲ್ಲಿ ಯಾರ ತೋಟದ್ದು ಅಂತ ಕೇಳದೆ ಒಂದು ಕಾಯಿ ಕೊಂಡವಳಲ್ಲ. ಅಭ್ಯಾಸಬಲ, ರಕ್ತನಿಧಿಯ ಸಿಸ್ಟರನ್ನು ಕೇಳಿಯೇಬಿಟ್ಟೆ, ‘ಇದು ಯಾರದ್ದು ಸಿಸ್ಟರ್?’

‘ಯಾರದ್ದೋ ಒಬ್ಬರದ್ದು ಕಣಮ್ಮ. ಹೇಳೋ ಹಾಗಿಲ್ಲ’ ಅಂದರು. ಆಮೇಲೆ ನಮ್ಮ ಕಡೆಯ ಗಂಡಸರ ಸಾಲು ನೋಡಿ, ‘ನಮ್ಮಲ್ಲಿ ಮೂರು ಕಮ್ಮಿಯಾಯ್ತು. ಯಾರಾದ್ರೂ ಕೊಡೋರಿದ್ರೆ ಕೊಡಿ. ಯಾವ ಗುಂಪಾದ್ರೂ ಸರಿ. ಒತ್ತಾಯ ಏನಿಲ್ಲ’ ಅಂದರು.

ಒತ್ತಾಯ ಇಲ್ಲ ಅನ್ನುವ ಮಾತು ಕೇಳಿದ ತಕ್ಷಣ ಐದು ಜನ ಗಂಡಸರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಜನ ರಕ್ತ ಕೊಡದಿರುವುದಕ್ಕೆ ಕಾರಣ ಸೂಜಿಯ ಭಯ, ಇನ್ನೇನೂ ಅಲ್ಲ. ಆದರೆ ಭಯ ಅಂತ ಒಪ್ಪಿಕೊಂಡ ಒಬ್ಬ ಗಂಡಸನ್ನು ಮೂರು ತಾಲ್ಲೂಕಿನಲ್ಲಿ ನಾನು ಕಂಡಿಲ್ಲ. ಅವತ್ತು ನಾನು ಕೇಳಿದ ಕಾರಣಗಳೇ ಬೇರೆ. ಒಬ್ಬರಿಗೆ ಅದು ಶನಿವಾರ. ಇನ್ನೊಬ್ಬರಿಗೆ ಹೋದ ವರ್ಷ ಜ್ವರ ಬಂದಿತ್ತು. ಮತ್ತೊಬ್ಬರು, ‘ಒಂದು ತೊಟ್ಟು ರಕ್ತ ಆಗ್ಬೇಕಾದ್ರೆ ಎಷ್ಟು ಮುದ್ದೆ ನುಂಗ್ಬೇಕು ಗೊತ್ತೇನಕ್ಕ?’ ಅಂತ ನನಗೇ ಲೆಕ್ಕ ಕೇಳಿದರು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಅವರು ಕೊಡುವ ಹಾಗಿಲ್ಲ ಅಂತ ಸಿಸ್ಟರ್ ಹೇಳಿದಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ಆ ಕಾಯಿಲೆ ಬಂದ ಲಾಗಾಯ್ತು ನಾನು ಕಂಡಿರಲಿಲ್ಲ. ನನ್ನ ಮೈದುನ ಪರಮೇಶನ ಕಾರಣವಂತೂ ಅಪ್ಪಟ ನಮ್ಮ ಸೀಮೆಯದ್ದು. ಗಡಿಯಾರ ನೋಡಿಕೊಂಡು, ‘ಅಯ್ಯೋ ಅತ್ತಿಗೆ, ತ್ರೀಫೇಸ್ ಕರೆಂಟ್ ಬರೋ ಹೊತ್ತು. ತೋಟಕ್ಕೆ ನೀರು ಬಿಡ್ಬೇಕು’ ಅಂದ. ಪರಮೇಶ ತೊಂಬತ್ತು ಕೇಜಿ ಇದ್ದಾನೆ. ನಮ್ಮತ್ತೆ ಪಕ್ಕದಿಂದ, ‘ಬುಡೇ, ಮಗು ಮೊದ್ಲೇ ಸೊರಗಿದೆ’ ಅಂದರು.

ಇವರೇ ಜಮೀನು ಪಾಲಾಗುವಾಗ ‘ನಾವೆಲ್ಲ ಒಂದೇ ರಕ್ತ’ ಅಂತ ಎದೆ ತಟ್ಟಿಕೊಂಡವರು. ನಮ್ಮ ಭಾಷೆಯಲ್ಲಿ ರಕ್ತಕ್ಕಿರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ರಕ್ತ ಕುದಿಯುತ್ತದೆ, ರಕ್ತ ಬಸಿದು ದುಡಿಯುತ್ತೇವೆ, ಒಡಹುಟ್ಟಿದವರಿಗೆ ರಕ್ತ ಹಂಚಿಕೊಂಡು ಹುಟ್ಟಿದವರು ಅನ್ನುತ್ತೇವೆ. ಹುಟ್ಟಿದ ಮೇಲೆ ಹಂಚುವ ಮಾತು ಬಂದರೆ ಮಾತ್ರ ಕರೆಂಟು ಬರುವ ಹೊತ್ತಾಗಿಬಿಡುತ್ತದೆ.

ನನಗೆ ರೇಗಿತು. ರುದ್ರೇಶ ಪಾಪ ಆಗಲೇ ಒಳಗೆ ಕೊಟ್ಟು ಬಂದು ಬಿಸ್ಕತ್ತು ತಿನ್ನುತ್ತಿದ್ದ. ಉಳಿದವರ ಮುಂದೆ ಸೆರಗು ಸಿಕ್ಕಿಸಿಕೊಂಡು, ‘ನೀವೆಲ್ಲ ತೋಟಕ್ಕೆ ನೀರು ಬಿಡ್ಹೋಗಿ. ನಾನು ಕೊಡ್ತೀನಿ’ ಅಂತ ಒಳಗೆ ಹೋದೆ.

ಒಳಗೆ ಸಿಸ್ಟರ್ ಮೇಜಿನ ಮೇಲೆ ಒಂದು ಗಾಜಿನ ಲೋಟ, ಅದರಲ್ಲಿ ನೀಲಿ ನೀರು. ಆ ನೀಲಿ ನನಗೆ ಗೊತ್ತು.

‘ಇದು ಮೈಲುತುತ್ತ ಅಲ್ವಾ ಸಿಸ್ಟರ್? ತೆಂಗಿನ ಸುಳಿ ಕೊಳೆತ್ರೆ ಸುಣ್ಣಕ್ಕೆ ಬೆರೆಸಿ ಹಾಕ್ತೀವಲ್ಲ.’

‘ಅದೇ ಕಣಮ್ಮ. ಇದ್ರಲ್ಲಿ ನಿಮ್ಮ ರಕ್ತದ ಹನಿ ಬಿಡ್ತೀನಿ. ಗಟ್ಟಿಯಿದ್ರೆ ಮುಳುಗುತ್ತೆ. ತೇಲಿದ್ರೆ ಆಗಲ್ಲ’ ಅಂತ ಬೆರಳಿಗೆ ಚುಚ್ಚಿ ಒಂದು ಹನಿ ಬಿಟ್ಟರು. ಹನಿ ಒಂದಿಷ್ಟು ಇಳಿಯಿತು. ಅಲ್ಲೇ ನಿಂತು ಯೋಚನೆ ಮಾಡಿತು. ನಿಧಾನಕ್ಕೆ ಮೇಲೆ ಬಂತು.

‘ಆಗಲ್ಲಮ್ಮ.’

ಆ ಶಬ್ದ ನನ್ನದು. ಮೂವತ್ತು ವರ್ಷದಿಂದ ನಾನು ಊರವರಿಗೆಲ್ಲ ಹೇಳುತ್ತ ಬಂದದ್ದು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಇಷ್ಟು ಚೂಪಾಗಿದೆ ಅಂತ ಗೊತ್ತಾಯಿತು. ಆದರೆ ವ್ಯಾಪಾರಸ್ಥೆ ಮೊದಲ ಮಾತಿಗೆ ಎದ್ದು ಬರುವುದುಂಟೇ? ಚೌಕಾಸಿಗೆ ಕೂತೆ.

‘ಇನ್ನೊಂದು ಹನಿ ಬಿಡಿ ಸಿಸ್ಟರ್. ಮೊದ್ಲನೇದು ಯಾವಾಗ್ಲೂ ನೀರು ನೀರು.’

ಬಿಟ್ಟರು. ಅದೂ ತೇಲಿತು.

‘ಒಂದು ಬಾಟಲಿ ಬೇಡ, ಅರ್ಧ ತಗೊಳ್ಳಿ. ಸ್ವಲ್ಪ ತೆಳ್ಳಗಿದ್ರೆ ಏನಾಯ್ತು?’

ಸಿಸ್ಟರ್ ಕನ್ನಡಕ ಇಳಿಸಿ ನನ್ನನ್ನು ನೋಡಿದರು. ‘ನಮ್ಮದು ತುರುವೇಕೆರೆ ಕಡೆ ಕಣಮ್ಮ. ನಮ್ಮನೇಲೂ ತೆಂಗಿದೆ. ಎಳೆಕಾಯಿ ಕಿತ್ತು ಅಟ್ಟಕ್ಕೆ ಹಾಕಿದ್ರೆ ಕೊಬ್ಬರಿ ಆಗುತ್ತಾ, ನೀವೇ ಹೇಳಿ.’

ಸೆರಗು ಸರಿಮಾಡಿಕೊಂಡು ಎದ್ದೆ. ಬಾಗಿಲ ತನಕ ಬಂದವಳನ್ನು ಅವರೇ ತಡೆದು ಕೇಳಿದರು, ‘ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?’ ಬರುತ್ತಿತ್ತು. ಅಟ್ಟದ ಏಣಿಯಲ್ಲಿ ಅರ್ಧಕ್ಕೆ ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ವಯಸ್ಸಾಯಿತು ಅಂದುಕೊಂಡಿದ್ದೆ. ‘ವಯಸ್ಸಲ್ಲ, ನಿಮಗೇ ರಕ್ತ ಕಮ್ಮಿ. ಡಾಕ್ಟರಿಗೆ ತೋರಿಸಿ. ಗಟ್ಟಿಯಾದ್ಮೇಲೆ ಬನ್ನಿ’ ಅಂದರು.

ಹೊರಗೆ ಪರಮೇಶ ಇನ್ನೂ ಇದ್ದ. ಅವನ ಕರೆಂಟು ಬಂದಿರಲಿಲ್ಲ ಅಂತ ಕಾಣುತ್ತದೆ.

‘ಏನತ್ತಿಗೆ, ಲಾಟು ವಾಪಸ್ ಬಂತಂತೆ? ಅಲ್ಲಾಡ್ಸಿ ನೋಡಿದ್ರಾ?’

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುಚ್ಚಿತು. ಬೆರಳಿಗೆ ಚುಚ್ಚಿದ್ದಕ್ಕಿಂತ ಜಾಸ್ತಿ. ‘ನಗಪ್ಪ, ನಗು. ನನ್ನದು ಮುಳುಗಿದ ದಿನ ನೀನೂ ಪಕ್ಕದ ಮಂಚದಲ್ಲಿ ಮಲಗ್ಬೇಕು. ಒಪ್ತೀಯಾ?’ ಅಂದೆ. ತೇಲಿದ್ದು ಮತ್ತೆ ಮುಳುಗುವುದುಂಟೇ ಅನ್ನುವ ಧೈರ್ಯದಲ್ಲಿ ಅವನು, ‘ಆಯ್ತು ಕಣ್ರೀ, ನಮ್ಮವ್ವನಾಣೆ’ ಅಂದುಬಿಟ್ಟ. ಅವ್ವ ಪಕ್ಕದಲ್ಲೇ ಇದ್ದರು.

ಇಲ್ಲಿ ‘ಮುಳುಗು’ ಅನ್ನುವ ಪದದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಜನ ಕೆಟ್ಟ ಪದವನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ, ಬತ್ತೀನಿ ಅನ್ನುತ್ತೇವೆ. ವ್ಯಾಪಾರದವರಿಗೆ ಎಲ್ಲಕ್ಕಿಂತ ಅಪಶಕುನದ ಪದ ಮುಳುಗುವುದು. ಇಂಥವನು ಮುಳುಗಿದ ಅಂದರೆ ಅವನ ಅಂಗಡಿ ಬಾಗಿಲಿಗೆ ಬೀಗ ಬಿತ್ತು ಅಂತ ಅರ್ಥ. ನಮ್ಮ ಶೆಡ್ಡಿನಲ್ಲಿ ಹೊತ್ತು ಮುಳುಗಿತು ಅಂತಲೂ ನಾನು ಅನ್ನಗೊಡುವುದಿಲ್ಲ. ಸಂಜೆಯಾಯಿತು ಅಂದರೆ ಸಾಕು. ಇಂಥವಳು ಆರು ತಿಂಗಳು ಬೆಳಗ್ಗೆ ಎದ್ದು ದೇವರ ಮುಂದೆ ನಿಂತು, ‘ಅಪ್ಪಾ, ಈ ಸಲ ಮುಳುಗಿಸಪ್ಪ’ ಅಂತ ಕೈಮುಗಿಯುತ್ತಿದ್ದೆ. ನಮ್ಮ ಯಜಮಾನರು ಒಂದು ದಿನ ಕೇಳಿಸಿಕೊಂಡು ಹೌಹಾರಿದರು.

ಡಾಕ್ಟರು ನನ್ನ ಕಾಲು ನೋಡಿದರು. ‘ತೋಟದಲ್ಲಿ ಬರಿಗಾಲಲ್ಲಿ ಓಡಾಡ್ತೀರಾ?’ ಅಂದರು. ಮತ್ತೆ ಹೇಗೆ? ಅಂಗಾಲಿನಿಂದಲೇ ಕೊಕ್ಕೆಹುಳು ಒಳಗೆ ಸೇರಿ ರಕ್ತ ಹೀರುತ್ತದಂತೆ. ನಾನು ಯಾರಿಗೂ ಏನೂ ಪುಕ್ಕಟೆ ಕೊಟ್ಟವಳಲ್ಲ ಅಂತ ಊರಲ್ಲಿ ಹೆಸರಿದ್ದರೆ, ಒಳಗೊಳಗೇ ಹುಳುಗಳಿಗೆ ವರ್ಷಗಟ್ಟಲೆ ದಾನ ನಡೆದಿತ್ತು. ಹುಳುವಿನ ಮಾತ್ರೆ ಕೊಟ್ಟರು, ಕಬ್ಬಿಣದ ಮಾತ್ರೆ ಕೊಟ್ಟರು, ಚಪ್ಪಲಿ ಹಾಕಿ ಅಂದರು. ಕೊನೆಗೆ, ‘ಊಟ ಆದ ಕೂಡ್ಲೇ ಕಾಫಿ ಕುಡೀತೀರಾ?’ ಅಂದರು. ಊಟ ಮಾಡುವುದೇ ಆಮೇಲಿನ ಕಾಫಿಗೋಸ್ಕರ ಅಂತ ಹೇಳಲಿಲ್ಲ. ‘ತಿಂದ ಸೊಪ್ಪಿನ ಕಬ್ಬಿಣ ಮೈಗೆ ಹತ್ತೋಕೆ ಕಾಫಿ ಬಿಡಲ್ಲ. ಒಂದು ಗಂಟೆಯಾದ್ರೂ ಬಿಟ್ಟು ಕುಡೀರಿ.’ ಅರ್ಧ ಗಂಟೆಗೆ ಇಳಿಸಲು ನೋಡಿದೆ. ಡಾಕ್ಟರು ಇಳಿಯಲಿಲ್ಲ.

ಆರು ತಿಂಗಳು ಮುದ್ದೆಯ ಪಕ್ಕ ನುಗ್ಗೆಸೊಪ್ಪಿನ ಪಲ್ಯ, ಹುರುಳಿ ಬಸ್ಸಾರು, ಮೇಲೆ ನಿಂಬೆಹುಳಿ. ಊಟವಾದ ಮೇಲೆ ಒಂದು ಗಂಟೆ ಗಡಿಯಾರದ ಎದುರು ಕೂರುತ್ತಿದ್ದೆ. ಮೂರನೇ ತಿಂಗಳಲ್ಲಿ ಒಂದು ದಿನ ಕುಕ್ಕೆ ಹೊತ್ತು ಅಟ್ಟ ಹತ್ತಿದವಳು, ಮೇಲೆ ನಿಂತು ನೆನಪಿಸಿಕೊಂಡೆ: ಅರ್ಧಕ್ಕೆ ನಿಲ್ಲುವುದನ್ನು ಮರೆತುಬಿಟ್ಟಿದ್ದೆ.

ನಮ್ಮೂರ ಶಾಲೆಯಲ್ಲಿ ರಕ್ತದಾನದ ಶಿಬಿರ ಬಂತು. ಅದೇ ಸಿಸ್ಟರ್, ಅದೇ ನೀಲಿ ಲೋಟ. ಶಿಬಿರಕ್ಕೆ ಬಂದವರನ್ನು ನೋಡಿದಾಗ ಜನ ಯಾಕೆ ಕೊಡುತ್ತಾರೆ ಅನ್ನುವುದೂ ತಿಳಿಯಿತು. ಒಬ್ಬನಿಗೆ ಊಟದ ಡಬ್ಬಿ ಕೊಡುತ್ತಾರೆ ಅಂತ ಆಸೆ. ಒಬ್ಬನಿಗೆ ಮಲಗಿದ ಫೋಟೊ ಫೋನಿಗೆ ಹಾಕಿಕೊಳ್ಳಬೇಕು. ಒಬ್ಬ ತನಗೆ ಇಷ್ಟವಾದ ಹುಡುಗಿ ಬಂದಿದ್ದಾಳೆ ಅಂತ ಬಂದಿದ್ದ. ನಾನು ಮೈದುನನ ಮೇಲಿನ ಹಟಕ್ಕೆ. ಒಬ್ಬ ಹುಡುಗ ಮಾತ್ರ ಏನೂ ಹೇಳದೆ ಕೊಟ್ಟು ಎದ್ದು ಹೋದ. ಸಿಸ್ಟರ್ ಯಾರನ್ನೂ ಯಾಕೆ ಅಂತ ಕೇಳಲಿಲ್ಲ. ಒಳ್ಳೆಯ ವ್ಯಾಪಾರದ ಗುಟ್ಟೇ ಅದು: ಮಾಲು ನೋಡಬೇಕು, ಮಾರುವವನ ಮನಸ್ಸನ್ನಲ್ಲ.

ನನ್ನ ಸರದಿ ಬಂತು. ಹಿಂದೆ ಪರಮೇಶ, ಅವನ ಹಿಂದೆ ಅತ್ತೆ, ಅವರ ಹಿಂದೆ ನಮ್ಮ ಶೆಡ್ಡಿನವರು ಎಲ್ಲ. ಹನಿ ಬಿತ್ತು. ಒಂದಿಷ್ಟು ಇಳಿಯಿತು. ನಿಂತಿತು ಅಂತ ನನಗನ್ನಿಸಿತು. ನಿಂತಿರಲಿಲ್ಲ. ಮಾಗಿದ ಕಾಯಿ ತೊಟ್ಟು ಕಳಚಿ ಬಾವಿಗೆ ಬಿದ್ದ ಹಾಗೆ ನೇರ ತಳಕ್ಕೆ ಹೋಗಿ ಕೂತಿತು.

‘ಮುಳುಗ್ತು ಕಣಮ್ಮ’ ಅಂದರು ಸಿಸ್ಟರ್.

ಆ ಪದ ಅಷ್ಟು ಸೊಗಸಾಗಿ ಕೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನಾನು ಹಿಂತಿರುಗಿ ನೋಡಿದೆ. ಪರಮೇಶ ಗಡಿಯಾರ ನೋಡುತ್ತಿದ್ದ.

‘ಕರೆಂಟು ರಾತ್ರಿ ಪಾಳಿ ಕಣಪ್ಪ ಈ ವಾರ. ವಿಚಾರಿಸ್ಕೊಂಡೇ ಬಂದಿದೀನಿ’ ಅಂದೆ.

ಅತ್ತೆ ಬಾಯಿ ತೆರೆದರು. ಮಗು ಸೊರಗಿದೆ ಅನ್ನುತ್ತಾರೆ ಅಂದುಕೊಂಡೆ. ‘ನನ್ನಾಣೆ ಇಟ್ಟಿದೀಯ ಕಣ್ಲಾ. ಮಲಿಕ್ಕೊ ಹೋಗು’ ಅಂದರು.

ಅವನ ಹನಿ ಕಲ್ಲು ಬಿದ್ದ ಹಾಗೆ ಮುಳುಗಿತು. ಪಕ್ಕದ ಮಂಚದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಲಗಿದ್ದ. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದು, ‘ಇನ್ನೂ ಚುಚ್ಚಿಲ್ವಾ?’ ಅಂದ. ಚೀಲ ತುಂಬಿಯಾಗಿತ್ತು. ‘ಇಷ್ಟೇನಾ?’ ಅಂತ ಮೋಸ ಹೋದವನ ಹಾಗೆ ಕೂತ. ಈಗ ಮೂರು ತಿಂಗಳಿಗೊಮ್ಮೆ ಅವನೇ ಶೆಡ್ಡಿಗೆ ಬಂದು ಎಲ್ಲರಿಗೂ ಉಪದೇಶ ಮಾಡುತ್ತಾನೆ. ತೊಟ್ಟು ರಕ್ತಕ್ಕೆ ಎಷ್ಟು ಮುದ್ದೆ ಅಂತ ಕೇಳಿದವರಿಗೆ, ‘ಗೊನೆ ಇಳಿಸಿದ ಮರ ಮತ್ತೆ ಹೊಂಬಾಳೆ ಬಿಡಲ್ವೇನ್ಲಾ?’ ಅನ್ನುತ್ತಾನೆ. ಆ ಮಾತು ನನ್ನದು. ಇರಲಿ, ಪುಕ್ಕಟೆ ಕೊಟ್ಟಿದ್ದೇನೆ.

ಈಗ ನಿಮಗೆ ನಾಲ್ಕು ಮಾತು. ಹೊಟ್ಟೆ ತುಂಬ ತಿಂದು ಹೋಗಿ, ನೀರು ಕುಡಿದು ಹೋಗಿ. ಯಾವ ಮಾತ್ರೆ ನುಂಗುತ್ತೀರಿ ಅನ್ನುವುದನ್ನು ಸಿಸ್ಟರ್ ಹತ್ತಿರ ಮುಚ್ಚಿಡಬೇಡಿ, ಅಲ್ಲಿ ಚೌಕಾಸಿ ನಡೆಯುವುದಿಲ್ಲ, ನಾನು ನೋಡಿದ್ದೇನೆ. ಕೊಟ್ಟ ದಿನ ಮರ ಹತ್ತಬೇಡಿ, ಮೂಟೆ ಹೊರಬೇಡಿ. ನಿಮ್ಮ ಹನಿ ತೇಲಿದರೆ ನಾಚಿಕೊಳ್ಳಬೇಡಿ. ನಿಮ್ಮ ಕೆಟ್ಟ ಸುದ್ದಿಯನ್ನು ಇಷ್ಟು ಬೇಗ, ಇಷ್ಟು ಅಗ್ಗಕ್ಕೆ ಬೇರೆ ಯಾರೂ ಹೇಳುವುದಿಲ್ಲ. ಚಪ್ಪಲಿ ಹಾಕಿಕೊಳ್ಳಿ, ಊಟವಾಗಿ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ, ಮತ್ತೆ ಹೋಗಿ. ಮುಳುಗಿದರೆ ತೋಳು ಚಾಚಿ ಮಲಗಿ. ಆಮೇಲೆ ಅದು ಯಾರ ಮನೆಗೆ ಹೋಯಿತು ಅಂತ ಮಾತ್ರ ಕೇಳಬೇಡಿ. ನಾನು ಕೇಳಿದೆ. ಸಿಸ್ಟರ್ ನನ್ನ ಕೈಗೆ ಬಿಸ್ಕತ್ತು ಕೊಟ್ಟು, ಸವಿತಳ ಹೆರಿಗೆಯ ದಿನ ಹೇಳಿದ ಹಾಗೆಯೇ ಹೇಳಿದರು: ‘ಯಾರೋ ಒಬ್ಬರಿಗೆ ಕಣಮ್ಮ.’